ಎರಡು ಕೋಟ್ ಬಿಳಿ ಬಣ್ಣ

ಚಿಕ್ಕವಳ ಕೆಮ್ಮಿಗೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಕಾರಣ. ತಣ್ಣೀರು ಕುಡಿಯುತ್ತಾಳಲ್ಲ, ಅದಕ್ಕೆ ಎಂದು ಅಜ್ಜಿ. ಒದ್ದೆ ತಲೆಯಲ್ಲೇ ಶಾಲೆಗೆ ಓಡುತ್ತಾಳಲ್ಲ ಎಂದು ಅಮ್ಮ. ಬೀದಿಯ ಧೂಳು ಎಂದು ಅಪ್ಪ. ದೊಡ್ಡವಳು ಮಾತ್ರ ಬಾಯಿ ಬಿಡದೆ ಕೈ ತೋರಿಸುತ್ತಿದ್ದಳು. ಅವಳು ತೋರಿಸುತ್ತಿದ್ದದ್ದು ಮಲಗುವ ಕೋಣೆಯ ಗೋಡೆಯನ್ನು.

ಆ ಗೋಡೆಯ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೂರು ಮಹಡಿಯ ಕಟ್ಟಡದಲ್ಲಿ ನಡುವಿನ ಮಹಡಿ ಇವರದು. ಮೇಲಿನ ಮನೆಯ ಬಚ್ಚಲ ಕೊಳವೆ ಈ ಗೋಡೆಯೊಳಗೇ ಇಳಿಯುತ್ತದೆ. ಅದು ಯಾವ ಕಾಲದಲ್ಲಿ ಒಡೆಯಿತೋ ಯಾರಿಗೂ ಗೊತ್ತಿಲ್ಲ. ಮೇಲಿನವರು ಸ್ನಾನ ಮಾಡಿದಾಗಲೆಲ್ಲ ಕೆಳಗಿನ ಗೋಡೆಯೂ ಮೀಯುತ್ತಿತ್ತು. ದಿಂಬಿನ ಎತ್ತರದಿಂದ ಸೂರಿನವರೆಗೆ ಕಪ್ಪು ಬೂಷ್ಟು, ಹತ್ತಿರ ಹೋದರೆ ಒದ್ದೆ ಗೋಣಿಚೀಲದ ವಾಸನೆ. ಕೋಣೆಗೆ ಒಂದು ಕಿಟಕಿಯಿತ್ತು. ಪಕ್ಕದ ಕಟ್ಟಡ ಎದ್ದಾಗ ಮನೆ ಯಜಮಾನ ಅದಕ್ಕೆ ಹೊರಗಿನಿಂದ ಹಲಗೆ ಹೊಡೆಸಿದ. ಗಾಳಿ ನಿಂತಿತು, ಬೆಳಕು ನಿಂತಿತು, ಬಾಡಿಗೆ ಮಾತ್ರ ವರ್ಷ ವರ್ಷ ಏರಿತು. ಅಜ್ಜಿ, ದೊಡ್ಡವಳು, ಎಂಟು ವರ್ಷದ ಚಿಕ್ಕವಳು ಮಲಗುವುದು ಅಲ್ಲೇ.

ಇನ್ನೊಂದು ತಮಾಷೆ ಕೇಳಿ. ಈ ಮನೆಯ ಅಪ್ಪ ಪೇಂಟರ್. ಊರ ಗೋಡೆಗಳಿಗೆಲ್ಲ ಬಣ್ಣ ಹೊಡೆಯುವ ಮನುಷ್ಯ. ಆ ಬೀದಿಯಲ್ಲೇ ಐದು ಕಟ್ಟಡ ಇಟ್ಟುಕೊಂಡಿದ್ದ ಯಜಮಾನನ ಕೆಲಸವೆಲ್ಲ ಇವನಿಗೇ ಬರುತ್ತಿತ್ತು. ಆದ್ದರಿಂದ ಯಜಮಾನನ ಎದುರು ಇವನ ಬಾಯಿಗೆ ಬೀಗ.

"ಡಾಕ್ಟ್ರು ಏನಂದ್ರು ಹೇಳ್ಲಾ?" ಎಂದು ದೊಡ್ಡವಳು ಒಂದು ಭಾನುವಾರ ಊಟದ ನಡುವೆ ಕೇಳಿದಳು. ಅವಳಿಗೆ ಇಪ್ಪತ್ತು ವರ್ಷ, ಔಷಧಿ ಅಂಗಡಿಯಲ್ಲಿ ಕೆಲಸ.

"ಊಟದ ಹೊತ್ತಲ್ಲಿ ಬೇಡ," ಎಂದ ಅಪ್ಪ.

"ಊಟದ ಹೊತ್ತಲ್ಲಿ ಮಾತ್ರ ತಾನೆ ನೀನು ಕೈಗೆ ಸಿಗೋದು? ಔಷಧಿಯಿಂದ ವಾಸಿ ಆಗೋದಲ್ಲ ಅಂದ್ರು. ಗೋಡೆ ಒಣಗ್ಬೇಕು, ಇಲ್ಲಾಂದ್ರೆ ಮಗೂನ ಬೇರೆ ಕಡೆ ಮಲಗಿಸ್ಬೇಕು. ಹೀಗೇ ಬಿಟ್ರೆ ಉಸಿರಾಟದ ಕಾಯಿಲೆ ಜೀವನಪೂರ್ತಿ ಉಳಿಯುತ್ತೆ ಅಂದ್ರು."

"ಬೇರೆ ಕಡೆ ಅಂದ್ರೆ ಎಲ್ಲಿ? ಅಡುಗೆಮನೇಲಿ ಸಿಲಿಂಡರ್ ತಬ್ಕೊಂಡಾ?" ಎಂದಳು ಅಮ್ಮ. ಬಿಸ್ಕತ್ತು ಕಾರ್ಖಾನೆಯಲ್ಲಿ ಎಂಟು ಗಂಟೆ ನಿಂತು ಡಬ್ಬ ಕಟ್ಟಿ ಬಂದವಳು ಅವಳು. ಬೆರಳ ತುದಿಗಳೆಲ್ಲ ರಟ್ಟಿನಿಂದ ಸೀಳಿದ್ದವು.

"ಯಜಮಾನರಿಗೆ ಹೇಳಿದೀನಿ," ಎಂದ ಅಪ್ಪ.

"ಏನಂದ್ರು?"

ಅಪ್ಪ ತಟ್ಟೆಯಲ್ಲಿ ಇಲ್ಲದ ಕಲ್ಲು ಹುಡುಕಿದ.

"ನಾಳೆ ಅಂದಿರ್ತಾನೆ," ಎಂದಳು ಅಜ್ಜಿ. "ಇನ್ನೇನಂತಾನೆ ನಾಳೆಯಪ್ಪ?"

ಆ ಹೆಸರು ಅಜ್ಜಿಯೇ ಇಟ್ಟದ್ದು. ನಲ್ಲಿ ಕೆಟ್ಟರೂ ನಾಳೆ, ಮೆಟ್ಟಿಲ ದೀಪ ಹೋದರೂ ನಾಳೆ. ಬಾಡಿಗೆ ಮಾತ್ರ ಇವತ್ತೇ.

ಐದನೆಯ ತಾರೀಕು ನಾಳೆಯಪ್ಪ ಬಂದ. ಅಮ್ಮ ಅವನನ್ನು ಕೋಣೆಯವರೆಗೆ ಕರೆದೊಯ್ದಳು. ಅವನು ಹೊಸ್ತಿಲು ದಾಟಲಿಲ್ಲ. ಮೂಗಿಗೆ ಕರವಸ್ತ್ರ ಹಿಡಿದು ಕತ್ತು ಮಾತ್ರ ಒಳಗೆ ಚಾಚಿದ.

"ಇದು ಮನೆ ತಪ್ಪಲ್ಲಮ್ಮ, ಇರೋರ ತಪ್ಪು. ಒಳಗಡೆ ಬಟ್ಟೆ ಒಣಹಾಕ್ತೀರಿ. ನೀರು ಕುದಿಸ್ತೀರಿ. ಒಂದು ಕೋಣೇಲಿ ಇಷ್ಟು ಜನ ಉಸಿರಾಡಿದ್ರೆ ಗೋಡೆ ಏನಾಗ್ಬೇಡ?"

"ಉಸಿರಾಡೋದು ಬಿಟ್ಬಿಡ್ಬೇಕಾ ಸಾರ್?"

ನಾಳೆಯಪ್ಪ ನಕ್ಕ. ಅವನ ಮಾತು ಯಾವಾಗಲೂ ಬೆಲ್ಲ. "ಪೇಂಟರ್ ಹೆಂಡತಿ ಅಲ್ವಾ, ಮಾತಿಗೂ ಬಣ್ಣ ಹಚ್ತೀರಿ. ನೋಡೋಣ, ಮುಂದಿನ ತಿಂಗಳು ಏನಾದ್ರೂ ಮಾಡೋಣ."

ಅವನು ಮೆಟ್ಟಿಲಿಳಿದ ಮೇಲೆ ಅಮ್ಮ ಬಾಗಿಲನ್ನು ಎಷ್ಟು ಜೋರಾಗಿ ಬಡಿದಳೆಂದರೆ ಕೋಣೆಯ ಗೋಡೆಯಿಂದ ಅಂಗೈಯಗಲ ಗಾರೆ ಕಳಚಿ ಹಾಸಿಗೆಯ ಮೇಲೆ ಬಿತ್ತು. ಬಾಗಿಲು ಬಡಿಯುವುದಕ್ಕೂ ಲಾಯಕ್ಕಿಲ್ಲದ ಮನೆ ಅದು.

ಮರುವಾರ ದೊಡ್ಡವಳು ಯಾರನ್ನೂ ಕೇಳದೆ ನಗರ ಕಚೇರಿಗೆ ದೂರು ಕೊಟ್ಟಳು. ಅವಳ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಆರೋಗ್ಯ ಇಲಾಖೆಯವರು ಬಿಟ್ಟುಹೋದ ಕರಪತ್ರಗಳ ಕಟ್ಟೊಂದು ಧೂಳು ತಿನ್ನುತ್ತಿತ್ತು. ಬಾಡಿಗೆಗೆ ಕೊಡುವ ಮನೆಗೆ ಒಣಗಿದ ಗೋಡೆ, ತೆರೆಯುವ ಕಿಟಕಿ, ಭದ್ರವಾದ ಸೂರು ಇರಲೇಬೇಕು, ಇಲ್ಲದಿದ್ದರೆ ದೂರು ಕೊಡುವುದು ಬಾಡಿಗೆದಾರನ ಹಕ್ಕು ಎಂದು ಅದರಲ್ಲಿ ಬರೆದಿತ್ತು. ಒಂದು ವರ್ಷದಿಂದ ಅವಳು ಆ ಕಾಗದದಲ್ಲಿ ಗಿರಾಕಿಗಳಿಗೆ ಮಾತ್ರೆ ಸುತ್ತಿಕೊಡುತ್ತಿದ್ದಳಂತೆ. ಓದಿದ್ದು ಅಂದೇ ಮೊದಲು.

ಹತ್ತು ದಿನಕ್ಕೆ ಉತ್ತರ ಬಂತು. ಗುರುವಾರ ಹನ್ನೊಂದು ಗಂಟೆಗೆ ಅಧಿಕಾರಿ ಬಂದು ಮನೆ ನೋಡುತ್ತಾರೆ. ಮಾಲೀಕರಿಗೂ ತಿಳಿಸಲಾಗಿದೆ.

"ನನ್ನ ಅನ್ನಕ್ಕೆ ಕಲ್ಲು ಹಾಕ್ಬಿಟ್ಟೆ ಕಣೇ!" ಅಪ್ಪ ಕಾಗದವನ್ನು ಅವಳ ಮುಂದೆ ಎಸೆದ. "ನಾಳೆ ಅವರು ಕೆಲಸ ಕೊಡದಿದ್ರೆ ನೀನು ಸಾಕ್ತೀಯಾ?"

"ತಂಗಿ ಉಸಿರು ಕಟ್ಟಿ ಸತ್ರೆ ಯಜಮಾನ್ರು ಸಾಕ್ತಾರಾ?"

"ಬಿಡ್ತು ಅನ್ನೇ!" ಎಂದು ಅಜ್ಜಿ ಕೂಗಿದಳು. ಆಮೇಲೆ ಅವಳ ಯೋಚನೆ ಬೇರೆ ದಾರಿ ಹಿಡಿಯಿತು. "ಗುರುವಾರ ಅಂದ್ರೆ ಇನ್ನು ಆರೇ ದಿನ. ಸರ್ಕಾರದವರು ಮನೆಗೆ ಬರ್ತಾರೆ, ಕೂರ್ಸೋಕೆ ಒಂದು ನೆಟ್ಟಗಿರೋ ಕುರ್ಚಿ ಇಲ್ಲ ನಮ್ಮನೇಲಿ."

"ಅಜ್ಜಿ, ಅವರು ನೆಂಟ್ರಲ್ಲ."

"ಮನೆಗೆ ಬಂದೋರೆಲ್ಲ ನೆಂಟ್ರೇ ಕಣೇ."

ಅಜ್ಜಿ ಮೂವತ್ತೊಂದು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದುಡಿದವಳು. ರಕ್ತ, ಕೀವು, ಅಯೋಡಿನ್ ಯಾವುದರ ಕಲೆಯೂ ಅವಳ ಕೈಯಿಂದ ತಪ್ಪಿಸಿಕೊಂಡು ಹೋದದ್ದಿಲ್ಲ. ಈ ಮಾತನ್ನು ಅವಳು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು, ಮನೆಯವರು ದಿನಕ್ಕೊಮ್ಮೆ ಹೂಂಗುಡುತ್ತಿದ್ದರು.

ಅಮ್ಮ ಜಗಳ ನಿಲ್ಲಿಸಿದಳು. "ಬರ್ಲಿ ಬಿಡಿ. ನೋಡ್ಲಿ. ನೋಡೋಕೆ ತಾನೆ ಬರೋದು?"

ಬುಧವಾರ ಬೆಳಿಗ್ಗೆ ಚಿಕ್ಕವಳಿಗೆ ಉಸಿರು ಸಿಕ್ಕಲಿಲ್ಲ. ಎದೆ ಸಿಳ್ಳೆ ಹಾಕುತ್ತಿತ್ತು, ತುಟಿಯ ಬಣ್ಣ ಬದಲಾಗಿತ್ತು. ದೊಡ್ಡವಳು ಅವಳನ್ನು ಎತ್ತಿಕೊಂಡೇ ಆಸ್ಪತ್ರೆಗೆ ಓಡಿದಳು. ಮುಖಕ್ಕೆ ಔಷಧಿಯ ಹೊಗೆ ಬಿಡುವ ಮುಖವಾಡ ಹಾಕಿದರು. ಒಂದು ದಿನ ಇಲ್ಲೇ ಇರಲಿ ಎಂದರು. ದೊಡ್ಡವಳು ಜೊತೆಗೆ ಉಳಿದಳು. ಒಂದು ದಿನ ತಪ್ಪಿದರೆ ವಾರದ ಹಾಜರಿ ಭತ್ಯೆ ಹೋಗುವ ಅಮ್ಮ ಕಣ್ಣೊರೆಸಿಕೊಂಡು ಕಾರ್ಖಾನೆಗೆ ಹೋದಳು.

ಮನೆಯಲ್ಲಿ ಉಳಿದವಳು ಅಜ್ಜಿಯೊಬ್ಬಳೇ. ಅವಳಿಗೆ ಕೈಕಟ್ಟಿ ಕೂತು ಗೊತ್ತಿಲ್ಲ. ನಾಳೆ ಮೊಮ್ಮಗಳು ಆಸ್ಪತ್ರೆಯಿಂದ ಬರುತ್ತಾಳೆ, ನಾಳೆಯೇ ಅಧಿಕಾರಿಯೂ ಬರುತ್ತಾನೆ. ಅವಳು ತೋಳು ಮಡಚಿದಳು. ಬಕೆಟ್ಟಿಗೆ ಬ್ಲೀಚಿಂಗ್ ಪುಡಿ ಸುರಿದು, ಮೂಗಿಗೆ ಬಟ್ಟೆ ಕಟ್ಟಿ, ತಂತಿಯ ಬ್ರಷ್ಷು ಹಿಡಿದು ಗೋಡೆಯ ಮುಂದೆ ನಿಂತಳು. ಎಪ್ಪತ್ತು ದಾಟಿದ ಹೆಂಗಸು ಸ್ಟೂಲಿನ ಮೇಲೆ ಹತ್ತಿ ಮೂರು ಗಂಟೆ ಉಜ್ಜಿದಳು. ಬೂಷ್ಟೆಲ್ಲ ಕರಿನೀರಾಗಿ ಬಚ್ಚಲಿಗೆ ಹೋಯಿತು.

ಮಧ್ಯಾಹ್ನ ಅಪ್ಪ ಆಸ್ಪತ್ರೆಯಿಂದ ಬಂದ. ಮಗಳ ಮುಖದ ಮೇಲಿನ ಮುಖವಾಡ ನೋಡಿ ಬಂದಿದ್ದ. ಗೋಡೆ ನೋಡಿದ. ಬೂಷ್ಟು ಹೋಗಿತ್ತು, ಆದರೆ ಬಣ್ಣವೂ ಕಿತ್ತುಬಂದು ಗೋಡೆ ಹುಣ್ಣು ಹುಣ್ಣಾಗಿತ್ತು.

"ಹೀಗೇ ಬಿಡ್ತೀಯೇನೋ?" ಎಂದಳು ಅಜ್ಜಿ. "ಪೇಂಟರ್ ಮನೆ ಗೋಡೆ ಹೀಗಿದೆ ಅಂತ ಬಂದೋನು ಆಡ್ಕೊಳ್ಳಲ್ವಾ? ಮಗು ಬೇರೆ ಬರ್ತದೆ. ಚೆನ್ನಾಗಿರೋ ಕೋಣೇಲಿ ಮಲಗಲಿ."

ಮಗುವಿಗೆ ಉಸಿರು ಕೊಡಲು ಅವನಿಗೆ ಬರುತ್ತಿರಲಿಲ್ಲ. ಯಜಮಾನನ ಕೊರಳಪಟ್ಟಿ ಹಿಡಿಯಲೂ ಬರುತ್ತಿರಲಿಲ್ಲ. ಗೋಡೆಯನ್ನು ಬೆಳ್ಳಗೆ ಮಾಡಲು ಬರುತ್ತಿತ್ತು. ಸ್ಟವ್ ಹಚ್ಚಿ ಗೋಡೆಯ ಮೇಲ್ಮೈಯನ್ನು ಒಣಗಿಸಿದ. ನೀರು ತಡೆಯುವ ಬಣ್ಣ ಬಳಿದ, ಗುಂಡಿ ಮುಚ್ಚಲು ಪುಟ್ಟಿ ಎಳೆದ, ಉಪ್ಪುಕಾಗದದಲ್ಲಿ ಉಜ್ಜಿ ನುಣ್ಣಗೆ ಮಾಡಿದ. ಅದರ ಮೇಲೆ ಎರಡು ಕೋಟ್ ಬಿಳಿ. ಸಂಜೆ ಕೆಲಸ ಮುಗಿಸಿ ಬಂದ ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಅವಳು ಏನೋ ಹೇಳಬೇಕೆಂದುಕೊಂಡಳು. ಆದರೆ ಒಂಬತ್ತು ವರ್ಷದಲ್ಲಿ ಆ ಕೋಣೆ ಅಷ್ಟು ಚೆಂದ ಕಂಡದ್ದು ಅದೇ ಮೊದಲು, ಬಾಯಿ ಬರಲಿಲ್ಲ. ಹೋಗಿ ಅನ್ನಕ್ಕಿಟ್ಟಳು.

ಮೂರು ಜನ ದೊಡ್ಡವರು. ಮೂವರೂ ಪ್ರೀತಿಯಿಂದಲೇ ಮಾಡಿದ್ದು. ಅದನ್ನು ನೆನೆದರೆ ಸಿಟ್ಟು ಇನ್ನೂ ಹೆಚ್ಚುತ್ತದೆ.

ಗುರುವಾರ ಹನ್ನೊಂದಕ್ಕೆ ದೊಡ್ಡವಳು ತಂಗಿಯ ಕೈ ಹಿಡಿದು ಮೆಟ್ಟಿಲು ಹತ್ತುವಾಗ ಮುಂದೆ ಅಧಿಕಾರಿಯೂ ನಾಳೆಯಪ್ಪನೂ ಹತ್ತುತ್ತಿದ್ದರು. ಅವಳಿಗೆ ಒಳಗೊಳಗೇ ಖುಷಿ. ಒಳ್ಳೆಯ ಸಮಯಕ್ಕೇ ಬಂದೆ ಎಂದುಕೊಂಡಳು. ಕೋಣೆಗೆ ಕಾಲಿಟ್ಟವಳು ಹಾಗೇ ನಿಂತುಬಿಟ್ಟಳು. ಗೋಡೆ ಹಾಲಿನ ಹಾಗೆ ಹೊಳೆಯುತ್ತಿತ್ತು. ಹಾಸಿಗೆಯ ಮೇಲೆ ಒಗೆದ ಹೊದಿಕೆ. ಅಜ್ಜಿ ಪಕ್ಕದ ಮನೆಯಿಂದ ಒಂದು ಕುರ್ಚಿ ತಂದು ಹಾಕಿದ್ದಳು.

"ಇದೇನಾ ಗೋಡೆ?" ಎಂದ ಅಧಿಕಾರಿ. ಸುಸ್ತಾದ ಮುಖದವನು, ಕಂಕುಳಲ್ಲಿ ಫೈಲು. ಗೋಡೆಯ ಮೇಲೆ ಅಂಗೈ ಆಡಿಸಿದ. "ಒಳ್ಳೆ ಕೆಲಸ."

"ಎರಡು ಕೋಟ್ ಸಾರ್. ಕೆಳಗೆ ಪುಟ್ಟಿ," ಎಂದ ಅಪ್ಪ.

ಮಾತು ಅವನ ಬಾಯಿಂದ ತಾನಾಗಿಯೇ ಜಾರಿತು. ಇಪ್ಪತ್ತೈದು ವರ್ಷ ಬ್ರಷ್ಷು ಹಿಡಿದಿದ್ದರೂ ಅವನ ಗೋಡೆಯನ್ನು ಮುಟ್ಟಿ ಒಳ್ಳೆ ಕೆಲಸ ಎಂದವರು ಕಡಿಮೆ.

"ಪ್ರತಿ ವರ್ಷ ಹೊಡೆಸ್ತೀನಿ ಸಾರ್," ಎಂದ ನಾಳೆಯಪ್ಪ, ಕರವಸ್ತ್ರ ಹಿಡಿದು ಹೊಸ್ತಿಲ ಹೊರಗೇ ನಿಂತು. "ನಮ್ಮ ಪೇಂಟರ್ರೇ. ಮನೆಯವರ ಥರ. ಹುಡುಗಿ ಏನೋ ತಿಳೀದೆ ಬರೆದ್ಲು."

"ಸುಳ್ಳು!" ಎಂದಳು ದೊಡ್ಡವಳು. "ನಿನ್ನೆ ಹೊಡೆದಿರೋ ಬಣ್ಣ ಇದು. ಕೆಳಗೆಲ್ಲ ನೀರು ತುಂಬಿದೆ. ಅಪ್ಪ, ಹೇಳು. ಹೇಳಪ್ಪ!"

ಅಪ್ಪ ನೆಲ ನೋಡಿದ. ಹೊಸ ಬಣ್ಣದ ವಾಸನೆಗೆ ಚಿಕ್ಕವಳು ಕೆಮ್ಮಲು ಶುರುಮಾಡಿದಳು.

"ನೋಡಿ, ಪೇಂಟ್ ವಾಸನೆ ಮಕ್ಕಳಿಗೆ ಆಗಲ್ಲ," ಎಂದು ನಾಳೆಯಪ್ಪ ಮರುಗಿದ.

"ಕೆರೆದು ನೋಡಿ ಸಾರ್. ಒಂದೇ ಒಂದು ಕಡೆ."

"ಗೋಡೆ ಒಡೆಯೋ ಅಧಿಕಾರ ನನಗಿಲ್ಲಮ್ಮ. ಕಂಡಿದ್ದನ್ನ ಬರೀಬೇಕು, ಅಷ್ಟೇ. ಇವತ್ತು ಇನ್ನೂ ಒಂಬತ್ತು ಮನೆ ಇದೆ." ಅವನು ಹಲಗೆ ಬಡಿದ ಕಿಟಕಿ ನೋಡಿದ. ಮಕ್ಕಳು ಬೀಳದಿರಲಿ ಅಂತ ಸಾರ್ ಎಂದ ನಾಳೆಯಪ್ಪ. ಅಧಿಕಾರಿ ಅದನ್ನೂ ಬರೆದುಕೊಂಡ. ಗೋಡೆ ಸುಸ್ಥಿತಿಯಲ್ಲಿದೆ, ಮನೆ ವಾಸಯೋಗ್ಯವಾಗಿದೆ, ಕಿಟಕಿಯನ್ನು ಆಗಾಗ ತೆರೆಯಲು ಸಲಹೆ ನೀಡಲಾಗಿದೆ. ಮೊಳೆ ಹೊಡೆದ ಕಿಟಕಿಯನ್ನು ಆಗಾಗ ತೆರೆಯಬೇಕಂತೆ! ಸರ್ಕಾರ ಅವನಿಗೆ ಫೈಲು ಕೊಟ್ಟಿತ್ತು, ಪೆನ್ನು ಕೊಟ್ಟಿತ್ತು, ಮೂಗು ಅವನದೇ ಇತ್ತು. ಆ ಹಸಿ ಬಣ್ಣ ಅದಕ್ಕೆ ನಾರಲಿಲ್ಲ.

ಹೋಗುವಾಗ ಬಾಗಿಲಲ್ಲಿ ತಿರುಗಿ, "ಒಪ್ಪದಿದ್ರೆ ಮೂವತ್ತು ದಿನದೊಳಗೆ ಇನ್ನೊಂದು ಸಲ ಪರಿಶೀಲನೆ ಕೇಳಬಹುದು. ಒಂದೇ ಸಲ," ಎಂದ.

ಮನೆಯಲ್ಲಿ ಆ ದಿನ ಒಲೆ ಉರಿಯಿತು, ಊಟಕ್ಕೆ ಯಾರೂ ಕೂರಲಿಲ್ಲ. ದೊಡ್ಡವಳು ಕೂಗಿದ ಕೂಗಿಗೆ ಮೇಲಿನ ಮನೆಯವರು ಮೆಟ್ಟಿಲಿಗೆ ಬಂದರು.

"ಸಾಕ್ಷಿ ತೊಳೆದುಬಿಟ್ರಲ್ಲ ನೀವು! ನಿಮಗೆ ಮರ್ಯಾದೆ ದೊಡ್ಡದಾಯ್ತು. ಯಾರ ಮರ್ಯಾದೆ? ಬೂಷ್ಟು ನಮ್ಮದಾ? ನಾಚಿಕೆ ಪಡಬೇಕಾದೋನು ಕರವಸ್ತ್ರ ಹಿಡ್ಕೊಂಡು ನಿಂತಿದ್ದ, ನೀವು ನಾಚ್ಕೊಂಡ್ರಿ!"

ಅಜ್ಜಿ ಕುರ್ಚಿಯನ್ನು ಪಕ್ಕದ ಮನೆಗೆ ವಾಪಸು ಕೊಟ್ಟು ಬಂದಳು. ಬಂದವಳು ಗೋಡೆಗೆ ಬೆನ್ನು ಮಾಡಿ ಮಲಗಿದಳು.

ಸೋಮವಾರ ನಾಳೆಯಪ್ಪನ ಕಾಗದ ಬಂತು. ಸುಳ್ಳು ದೂರು ಕೊಟ್ಟು ಮಾಲೀಕರ ಹೆಸರು ಕೆಡಿಸಿದ ಕಾರಣ ಎರಡು ತಿಂಗಳಲ್ಲಿ ಮನೆ ಖಾಲಿ ಮಾಡತಕ್ಕದ್ದು. ಅದೇ ದಿನ ಅಪ್ಪನನ್ನು ಕರೆಸಿ ಹೆಗಲ ಮೇಲೆ ಕೈ ಹಾಕಿ, "ಕಾಗದ ಬರೀ ಕಾಗದ. ನೀನು ಸರಿಯಾಗಿದ್ರೆ ಎಲ್ಲ ಸರಿ. ಹಿಂದಿನ ಕಟ್ಟಡದಲ್ಲಿ ಮೂರು ಮನೆ ಖಾಲಿ ಇದೆ. ಭಾನುವಾರ ಹೊಸಬರು ನೋಡೋಕೆ ಬರ್ತಾರೆ. ಗುರುವಾರ ನಿಮ್ಮನೇಲಿ ಮಾಡಿದ್ಯಲ್ಲ, ಹಾಗೇ ಮಾಡು. ನಿನ್ನ ಕೈಗುಣ ದೊಡ್ಡದು," ಎಂದ.

ಅಪ್ಪ ಡಬ್ಬ ಎತ್ತಿಕೊಂಡು ಹೋದ. ಸಂಜೆ ಬಂದು ತಟ್ಟೆಯ ಮುಂದೆ ಕೂತಾಗ ಅವನ ಹುಬ್ಬಿನ ಮೇಲೆ ಬಿಳಿ ಹನಿಗಳಿದ್ದವು.

"ಎಲ್ಲಿತ್ತು ಕೆಲಸ?" ಎಂದು ದೊಡ್ಡವಳು ಕೇಳಿದಳು.

"ಹಿಂದಿನ ಕಟ್ಟಡ."

"ಅಲ್ಲೂ ಗೋಡೆ ಒದ್ದೆನಾ?"

"ಎಲ್ಲ ಕಟ್ಟಡದಲ್ಲೂ ಸ್ವಲ್ಪ ಸ್ವಲ್ಪ ಇರುತ್ತೆ."

"ಎಷ್ಟು ಮನೆ ಹೀಗೆ ಮುಚ್ಚಿದೀಯಪ್ಪ ಇಲ್ಲೀವರೆಗೂ?"

"ನನ್ನ ಕೆಲಸ ಕಣೇ ಅದು! ಬಣ್ಣ ಹೊಡಿ ಅಂದ್ರೆ ಹೊಡೀತೀನಿ. ಕೊಳಾಯಿ ರಿಪೇರಿ ಮಾಡೋದು ನನ್ನ ಕೆಲಸನಾ?"

ಅನ್ನದ ಪಾತ್ರೆ ಹಿಡಿದು ನಿಂತಿದ್ದ ಅಮ್ಮ ಮೆಲ್ಲಗೆ ಕೇಳಿದಳು: "ಕೆಳಗಿನ ಮನೆಗೂ ನೀವೇನಾ ಹೊಡೆದದ್ದು?"

ಕೆಳಗಿನ ಮನೆಗೆ ಎರಡು ತಿಂಗಳ ಹಿಂದೆ ಗಂಡ ಹೆಂಡತಿ ಬಂದಿದ್ದರು. ಅವಳು ದರ್ಜಿ, ಮನೆಯಲ್ಲೇ ಮೆಷಿನ್ ಇಟ್ಟುಕೊಂಡವಳು. ಕೈಗೂಸಿತ್ತು.

ಅಪ್ಪ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡ.

"ಮಗೂಗೆ ಎದೇಲಿ ಗೊರಗೊರ ಅನ್ನುತ್ತೆ ಅಕ್ಕಾ, ಯಾಕಿರ್ಬಹುದು ಅಂತ ಮೊನ್ನೆ ಆ ಹುಡುಗಿ ನನ್ನನ್ನ ಕೇಳಿದ್ಲು," ಎಂದಳು ಅಮ್ಮ. "ಶೀತ ಇರ್ಬೇಕು, ಬೆಚ್ಚಗೆ ಹೊದಿಸಿ ಮಲಗ್ಸು ಅಂದೆ. ಆ ಗೋಡೆ ಪಕ್ಕದಲ್ಲಿ. ಬೆಚ್ಚಗೆ!"

ಅವಳು ಅನ್ನದ ಪಾತ್ರೆಯನ್ನು ಅಪ್ಪನ ತಟ್ಟೆಗೆ ಬಗ್ಗಿಸಲಿಲ್ಲ. ನೆಲದ ಮೇಲೆ ಕುಕ್ಕಿದಳು. "ಬಡಿಸ್ಕೊಳ್ಳಿ. ಆ ಕೈಲೇ ಬಡಿಸ್ಕೊಳ್ಳಿ," ಎಂದು ಹೊರಗೆ ಹೋದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಸಿಟ್ಟು ಮಾಡಿದ್ದುಂಟು, ಪಾತ್ರೆ ಎಸೆದದ್ದುಂಟು. ಗಂಡನಿಗೆ ಬಡಿಸದೆ ಎದ್ದದ್ದಿಲ್ಲ.

ಎರಡು ವಾರ ಕಳೆಯಿತು. ಅಪ್ಪ ತಾನೇ ಬಡಿಸಿಕೊಂಡು ತಿಂದ. ಚಿಕ್ಕವಳ ಹಾಸಿಗೆಯನ್ನು ಅಮ್ಮ ಅಡುಗೆಮನೆಯ ಬಾಗಿಲಿಗೆ ತಂದು ಹಾಕಿದಳು. ರಾತ್ರಿ ನೀರಿಗೆ ಎದ್ದವರೆಲ್ಲ ಮಗುವನ್ನು ದಾಟಿ ಹೋಗಬೇಕು. ಕೆಮ್ಮು ಸ್ವಲ್ಪ ಇಳಿಯಿತು. ಬಿಳಿ ಗೋಡೆಯ ಮೇಲೆ ಮೊದಲು ಬೆವರು ಮೂಡಿತು, ಆಮೇಲೆ ಗುಳ್ಳೆಗಳು, ಆಮೇಲೆ ಮೂಲೆಯಲ್ಲಿ ಕಡಲೆಕಾಳಿನಷ್ಟು ಕಪ್ಪು. ಎದ್ದ ತಕ್ಷಣ ಅಜ್ಜಿ ಅದನ್ನು ನೋಡುತ್ತಿದ್ದಳು. ಒಂದು ದಿನವೂ ಒರೆಸಲಿಲ್ಲ. ಆ ಕಲೆಯನ್ನು ಹಾಗೇ ಬಿಡುವುದು ಅವಳಿಗೆ ಎಷ್ಟು ಕಷ್ಟವಾಯಿತೋ ಅವಳಿಗೇ ಗೊತ್ತು.

ಅಧಿಕಾರಿ ಬಂದುಹೋದ ಇಪ್ಪತ್ತನೆಯ ದಿನ ಅವಳು ಯಾರಿಗೂ ಹೇಳದೆ ಎರಡು ಬಸ್ಸು ಬದಲಿಸಿ ನಗರ ಕಚೇರಿಗೆ ಹೋದಳು. ಎರಡು ಗಂಟೆ ಸಾಲಿನಲ್ಲಿ ನಿಂತಳು.

"ಏನಜ್ಜಿ?" ಎಂದ ಗುಮಾಸ್ತ.

"ತಪ್ಪೊಪ್ಪಿಗೆ ಕೊಡೋಕೆ ಬಂದಿದೀನಿ. ಬರ್ಕೋ. ನಿಮ್ಮ ಸಾಹೇಬ್ರು ಬರೋ ಹಿಂದಿನ ದಿನ ಗೋಡೆ ತೊಳೆದವಳು ನಾನು. ಬಣ್ಣ ಹೊಡಿ ಅಂತ ಮಗನಿಗೆ ಹೇಳಿದವಳೂ ನಾನೇ."

"ಮನೆ ಕ್ಲೀನ್ ಮಾಡೋದು ತಪ್ಪೇನಲ್ಲ ಅಜ್ಜಿ."

"ತಪ್ಪೇ ಕಣಪ್ಪ. ಮಗು ಉಸಿರು ಕಟ್ಟಿ ಆಸ್ಪತ್ರೇಲಿದ್ರೆ ಅದಕ್ಕೆ ಕಾರಣ ಆದದ್ದನ್ನ ನಾನು ತೊಳೆದು ಬಚ್ಚಲಿಗೆ ಬಿಟ್ಟೆ. ಮೂವತ್ತೊಂದು ವರ್ಷ ನಿಮ್ಮ ಸರ್ಕಾರಿ ಆಸ್ಪತ್ರೆ ಕಲೆ ತೊಳೆದಿದೀನಿ, ಯಾವತ್ತೂ ತಪ್ಪಾಗಿಲ್ಲ. ಇದೊಂದು ಆಯ್ತು. ಇನ್ನೊಂದು ಸಲ ಕಳ್ಸು ಅವರನ್ನ. ಈ ಸಲ ಕುರ್ಚಿ ಹಾಕಲ್ಲ."

ಹಿಂದೆ ನಿಂತವರು ನಕ್ಕರು. ಗುಮಾಸ್ತ ನಗಲಿಲ್ಲ, ಅರ್ಜಿ ತೆಗೆದುಕೊಟ್ಟ. ಅಜ್ಜಿ ಹೆಬ್ಬೆಟ್ಟಲ್ಲ, ತನ್ನ ಕೈಯಲ್ಲೇ ಹೆಸರು ಬರೆದು ಸಹಿ ಮಾಡಿದಳು.

ಎರಡನೆಯ ಪರಿಶೀಲನೆ ಮುಂದಿನ ಸೋಮವಾರ ಎಂದು ಗೊತ್ತಾಯಿತು. ಭಾನುವಾರ ಬೆಳಿಗ್ಗೆಯೇ ನಾಳೆಯಪ್ಪ ಅಪ್ಪನನ್ನು ಬೀದಿಯಲ್ಲಿ ಹಿಡಿದ. ಇದೊಂದು ಕೆಲಸಕ್ಕೆ ಅವನು ನಾಳೆ ಎನ್ನಲಿಲ್ಲ. ಕೈಯಲ್ಲಿ ಹೊಸ ಬಣ್ಣದ ಡಬ್ಬ ಇಟ್ಟು, "ಇವತ್ತೇ ಮುಗಿಸು. ಖಾಲಿ ಮಾಡೋ ಕಾಗದ ನಾನೇ ಹರಿದು ಹಾಕ್ತೀನಿ. ಇಲ್ಲಾಂದ್ರೆ ಮನೇನೂ ಇಲ್ಲ, ಕೆಲ್ಸಾನೂ ಇಲ್ಲ, ತಿಳ್ಕೋ," ಎಂದ. ಬೆಲ್ಲದೊಳಗಿನ ಕಲ್ಲು ಆಗ ಹಲ್ಲಿಗೆ ಸಿಕ್ಕಿತು.

ಅಪ್ಪ ಡಬ್ಬ ಹಿಡಿದು ಮನೆಗೆ ಬಂದ. ದೊಡ್ಡವಳು ಕೋಣೆಯ ಬಾಗಿಲಿಗೆ ಅಡ್ಡ ಕೂತಳು. ಅಮ್ಮ ಈರುಳ್ಳಿ ಹೆಚ್ಚುತ್ತಲೇ ಇದ್ದಳು.

"ಅಪ್ಪ, ಮತ್ತೆ ಬಣ್ಣ ಹೊಡೀತೀಯಾ?" ಎಂದು ಕೇಳಿದವಳು ಚಿಕ್ಕವಳು. "ಹೊಡೆದ್ರೆ ನಾನು ಪಕ್ಕದ ಮನೇಲಿ ಮಲಗ್ತೀನಿ. ಆ ವಾಸನೆಗೆ ನಂಗೆ ಎದೆ ಕಟ್ಟುತ್ತೆ."

ಬೈದು ಕೇಳಿದ ಪ್ರಶ್ನೆಯಲ್ಲ ಅದು. ಊಟಕ್ಕೆ ಏನಿದೆ ಎಂದು ಕೇಳಿದಷ್ಟು ಸಹಜವಾಗಿ ಕೇಳಿದಳು. ಅಪ್ಪನಿಗೆ ತನ್ನ ಮೇಲೆ ಎಂಥ ಹೇಸಿಗೆ ಹುಟ್ಟಿತೆಂದರೆ ಡಬ್ಬವನ್ನು ಹೊರಗಿನ ಮೆಟ್ಟಿಲ ಮೇಲಿಟ್ಟು ಬಂದು ಸುಮ್ಮನೆ ಕೂತ.

ಸೋಮವಾರ ಅದೇ ಅಧಿಕಾರಿ, ಅದೇ ಫೈಲು. ಹಿಂದೆಯೇ ನಾಳೆಯಪ್ಪ. ಗೋಡೆಯ ಮೇಲೆ ಗುಳ್ಳೆಗಳು, ಮೂಲೆಯಲ್ಲಿ ಅಂಗೈಯಗಲ ಕಪ್ಪು. ನಾಳೆಯಪ್ಪ ಅಪ್ಪನನ್ನು ಒಮ್ಮೆ ನೋಡಿದ. ಆಮೇಲೆ ಅಧಿಕಾರಿಯ ಕಡೆ ತಿರುಗಿ ನಕ್ಕ.

"ನೋಡಿ ಸಾರ್, ಒಂದು ತಿಂಗಳ ಹಿಂದೆ ನೀವೇ ನೋಡಿದ್ರಿ, ಹೆಂಗಿತ್ತು ಗೋಡೆ! ಒಂದೇ ತಿಂಗಳಲ್ಲಿ ಹಾಳು ಮಾಡಿಟ್ಟಿದ್ದಾರೆ. ಇದು ಇವರೇ ಮಾಡ್ಕೊಂಡಿರೋದು. ನೀರು ಎರಚಿದ್ರೂ ಎರಚಿರ್ಬಹುದು."

ಅಧಿಕಾರಿ ಹಳೆಯ ವರದಿ ತೆಗೆದು ನೋಡಿದ. ತನ್ನದೇ ಸಹಿ. "ಹೌದು, ಆವಾಗ ಚೆನ್ನಾಗಿತ್ತು," ಎಂದ ತಲೆ ಕೆರೆದುಕೊಂಡು.

ಅಪ್ಪ ಚೀಲದಿಂದ ಕೆರೆಯುವ ಪಟ್ಟಿ ತೆಗೆದ. ಕಬ್ಬಿಣದ ಅಗಲ ಬಾಯಿಯ ಪಟ್ಟಿ, ಮರದ ಹಿಡಿ.

"ಏಯ್, ಗೋಡೆ ಮುಟ್ಟಬೇಡ!" ನಾಳೆಯಪ್ಪ ಮೊದಲ ಸಲ ಹೊಸ್ತಿಲು ದಾಟಿ ಕೋಣೆಯೊಳಗೆ ಬಂದ. "ನನ್ನ ಗೋಡೆ ಅದು. ಗೀರಿದ್ರೆ ಪೊಲೀಸ್ ಕರೆಸ್ತೀನಿ."

"ಗೋಡೆ ನಿಮ್ಮದು ಸಾರ್," ಎಂದ ಅಪ್ಪ. "ಮೇಲಿರೋ ಬಣ್ಣ ನಂದು. ನನ್ನ ದುಡ್ಡು, ನನ್ನ ಡಬ್ಬ. ಒಂಬತ್ತು ವರ್ಷದಿಂದ ನಿಮ್ಮ ಗೋಡೆಗೆ ನಾನು ಸಾಲ ಕೊಟ್ಟಿದ್ದು. ನನ್ನ ಬಣ್ಣ ನಾನು ವಾಪಸ್ ತಗೋತೀನಿ."

ಪಟ್ಟಿ ಗುಳ್ಳೆಯ ಕೆಳಗೆ ನುಗ್ಗಿತು. ಬಿಳಿ ಬಣ್ಣ ಹಾಲಿನ ಕೆನೆಯಂತೆ ಮಡಚಿ ಬಂತು. "ಇದು ಕಳೆದ ತಿಂಗಳದ್ದು. ನೀವು ಬರೋ ಹಿಂದಿನ ದಿನ ಹೊಡೆದದ್ದು. ಅವತ್ತು ಮಗಳು ಹೇಳು ಅಂದ್ಲು, ನಾನು ಹೇಳ್ಲಿಲ್ಲ. ಈಗ ಹೇಳ್ತಿದೀನಿ." ಮತ್ತೆ ಕೆರೆದ. "ಇದು ಕೆನೆ ಬಣ್ಣ, ಹೋದ ವರ್ಷದ್ದು. ಕೆಳಗೆ ನೋಡಿ, ಬೂಷ್ಟು. ಇದು ತಿಳಿ ನೀಲಿ, ನಾವು ಬಂದ ವರ್ಷದ್ದು. ಅದರ ಕೆಳಗೂ ಬೂಷ್ಟು." ನೀಲಿಯ ಹಿಂದೆ ಒಂದು ಹಸಿರು ಬಂತು. ಅಪ್ಪ ಒಂದು ಗಳಿಗೆ ನಿಂತ. "ಈ ಹಸಿರು ನಂದಲ್ಲ. ನಮಗಿಂತ ಮುಂಚೆ ಇದ್ದೋರದ್ದು. ಅದರ ಅಡಿ ನೋಡಿ ಸಾರ್, ಇದ್ದಿಲ ಥರ ಇದೆ. ನಾವು ಈ ಮನೆಗೆ ಕಾಲಿಡೋಕೆ ಮುಂಚೆ ಯಾರ ಬಟ್ಟೆ ಒಣಗ್ತಿತ್ತು ಇಲ್ಲಿ? ಯಾರು ಉಸಿರಾಡ್ತಿದ್ರು?"

ಪಟ್ಟಿಯನ್ನು ಇನ್ನೊಮ್ಮೆ ಒತ್ತಿದ್ದೇ ತಡ, ಬಾಗಿಲಿನಷ್ಟು ಅಗಲದ ಗಾರೆ ಧಡಕ್ಕನೆ ಕಳಚಿ ಬಿತ್ತು. ಚಿಕ್ಕವಳು ಮೊದಲು ತಲೆಯಿಟ್ಟು ಮಲಗುತ್ತಿದ್ದ ಜಾಗಕ್ಕೇ ಬಿತ್ತು. ಒಳಗಿನ ಇಟ್ಟಿಗೆ ಕೆಸರಾಗಿತ್ತು. ಮೇಲಿನ ಮನೆಯಲ್ಲಿ ಯಾರೋ ನಲ್ಲಿ ತಿರುಗಿಸಿದರು. ಎಲ್ಲರ ಕಣ್ಣೆದುರೇ ತುಕ್ಕು ಹಿಡಿದ ಕೊಳವೆಯ ಬಾಯಿಂದ ನೀರು ಇಟ್ಟಿಗೆಯ ಮೇಲೆ ಇಳಿಯಿತು.

ಅಧಿಕಾರಿ ಮುಂದೆ ಬಂದು ಇಟ್ಟಿಗೆಗೆ ಹೆಬ್ಬೆರಳು ಒತ್ತಿದ. ಬೆರಳು ಉಗುರಿನವರೆಗೆ ಒಳಗೆ ಹೋಯಿತು. ಅವನು ಹಳೆಯ ವರದಿಯ ಮೇಲೆ ಅಡ್ಡಗೀಟು ಎಳೆದು ನಿಂತೇ ಬರೆಯತೊಡಗಿದ. ಬರೆದು ಬರೆದು ಹಾಳೆ ತಿರುವಿದ.

"ಕೊಳವೆ ರಿಪೇರಿಗೆ ಹದಿನೈದು ದಿನ," ಎಂದು ನಾಳೆಯಪ್ಪನಿಗೆ ಹೇಳಿದ. "ಅಲ್ಲೀವರೆಗೆ ಈ ಕೋಣೆಗೆ ಬಾಡಿಗೆ ಕೇಳೋಹಾಗಿಲ್ಲ. ಖಾಲಿ ಮಾಡ್ಸೋ ನೋಟಿಸೂ ನಡೆಯಲ್ಲ. ಕಿಟಕಿ ಹಲಗೆ ಇವತ್ತೇ ತೆಗೆಸ್ಬೇಕು."

ನಾಳೆಯಪ್ಪನ ಮುಖದಲ್ಲಿ ಬೆಲ್ಲವೂ ಇರಲಿಲ್ಲ, ಏನೂ ಇರಲಿಲ್ಲ. ಅಪ್ಪನ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದ: "ಇನ್ನು ನನ್ನ ಯಾವ ಕಟ್ಟಡದಲ್ಲೂ ನೀನು ಬ್ರಷ್ ಹಿಡಿಯಲ್ಲ. ಮುಗೀತು ನಿನ್ನ ಕಥೆ."

"ಆಯ್ತು ಸಾರ್. ಬ್ರಷ್ ಹಿಡಿಯಲ್ಲ."

ಅಪ್ಪ ಪಟ್ಟಿಯನ್ನು ಪ್ಯಾಂಟಿಗೆ ಒರೆಸಿದ. ತಲೆ ಮೇಲೆ, ಹುಬ್ಬಿನ ಮೇಲೆ ಎಲ್ಲ ಬಣ್ಣದ ಪುಡಿ. ಹೆಂಡತಿಯ ಕಡೆ ನೋಡಿದ, ಅವಳು ಕಣ್ಣು ತಪ್ಪಿಸಲಿಲ್ಲ. ಅಧಿಕಾರಿಗೆ ಹೇಳಿದ: "ಫೈಲ್ ಮುಚ್ಚಬೇಡಿ ಸಾರ್. ನನ್ನ ಜೊತೆ ಕೆಳಗೆ ಬನ್ನಿ."

ಮೆಟ್ಟಿಲಿಳಿದು 'ಅದು ಬೇರೆ ಮನೆ, ಅವರು ದೂರೇ ಕೊಟ್ಟಿಲ್ಲ' ಎಂದು ನಾಳೆಯಪ್ಪ ಕೂಗುತ್ತಿರುವಾಗಲೇ ಅಪ್ಪ ಕೆಳಗಿನ ಮನೆಯ ಬಾಗಿಲು ತಟ್ಟಿದ. ಮೆಷಿನ್ನಿನ ಸದ್ದು ನಿಂತಿತು. ದರ್ಜಿ ಹುಡುಗಿ ಸೊಂಟದಲ್ಲಿ ಕೂಸು ಎತ್ತಿಕೊಂಡು ಬಾಗಿಲು ತೆರೆದಳು. ಮೂವರು ಗಂಡಸರು, ಹಿಂದೆ ಅಜ್ಜಿ, ಅಮ್ಮ, ದೊಡ್ಡವಳು. ಒಬ್ಬನ ಕೈಯಲ್ಲಿ ಕಬ್ಬಿಣದ ಪಟ್ಟಿ. ಅವಳು ಹೆದರಿ ಒಂದು ಹೆಜ್ಜೆ ಹಿಂದೆ ಸರಿದಳು.

"ಹೆದರ್ಬೇಡಮ್ಮ. ನಾನು ಮೇಲಿನ ಮನೆ ಪೇಂಟರ್," ಎಂದ ಅಪ್ಪ. "ನೀವು ಮನೆ ನೋಡೋಕೆ ಬರೋ ಮುಂಚೆ ನಿಮ್ಮ ಮಲಗೋ ಕೋಣೆಗೆ ಬಣ್ಣ ಹೊಡೆದವನು ನಾನೇ. ಗೋಡೆ ಎಷ್ಟು ಚೆನ್ನಾಗಿದೆ ಅಂದ್ಕೊಂಡು ತಾನೆ ಒಪ್ಪಿದ್ದು ನೀವು?"

"ಹೌದು," ಎಂದಳು ಅವಳು, ಏನೂ ಅರ್ಥವಾಗದೆ.

"ಮಗು ತೊಟ್ಟಿಲು ಆ ಗೋಡೆ ಪಕ್ಕ ಇದೆಯಾ?"

"ಹೂಂ."

"ಮೊದಲು ಅದನ್ನ ಆಚೆ ತಗೊಳ್ಳಿ," ಎಂದು ಹೇಳಿ ಅಪ್ಪ ಚಪ್ಪಲಿ ಕಳಚಿ ಒಳಗೆ ಹೋದ.